ಆರು ಗಂಟೆಯ ಹಿಡಿ ಹಿಟ್ಟು

ಅಕ್ಕೋರ ಬಲಗೈ ಉಗುರುಗಳ ಸಂದಿನಲ್ಲಿ ಯಾವಾಗಲೂ ಒಂದಿಷ್ಟು ಜೋಳದ ಹಿಟ್ಟು ಕೂತಿರುತ್ತಿತ್ತು. ಹುಡುಗರು ತಪ್ಪು ಮಾಡಿದಾಗ ಅದೇ ಕೈಯನ್ನು ನಮ್ಮ ತಲೆಯ ಮೇಲಿಟ್ಟು ಪ್ರಾರ್ಥಿಸುತ್ತಿದ್ದುದರಿಂದ, ಎಣ್ಣೆ ಹಚ್ಚಿದ ಕೂದಲಿಗೆ ಹಿಟ್ಟು ಮೆತ್ತಿಕೊಳ್ಳುತ್ತಿತ್ತು. ಮನೆಗೆ ಹೋದರೆ ಅವ್ವ ತಲೆ ನೋಡಿಯೇ ಕೇಳುತ್ತಿದ್ದಳು: "ಏನಲೇ, ಇವತ್ತ ಏನ ತಪ್ಪ ಮಾಡಿದ್ದಿ? ಅಕ್ಕೋರು ಕೈ ಇಟ್ಟಾರಲ್ಲ."

ಕಲಘಟಗಿ ತಾಲ್ಲೂಕಿನಲ್ಲಿ, ತಂಬೂರಿನ ಆಚೆಗಿರುವ ನಮ್ಮೂರಲ್ಲಿ ಕ್ರೈಸ್ತರ ಮನೆಗಳು ಏಳೋ ಎಂಟೋ. ಹೆಂಚು ಹೊದಿಸಿದ ಸಣ್ಣ ಚರ್ಚು. ಪಾದ್ರಿಗಳು ತಿಂಗಳಿಗೊಮ್ಮೆ ಬರುವವರು. ಉಳಿದ ರವಿವಾರಗಳನ್ನೆಲ್ಲ ಅಕ್ಕೋರೇ ನಡೆಸುತ್ತಿದ್ದರು. ವಾರದ ದಿನಗಳಲ್ಲಿ ಅಂಗನವಾಡಿಯಲ್ಲಿ ಕಲಿಸುತ್ತಿದ್ದುದರಿಂದ ಅವರು ಊರಿಗೆಲ್ಲ ಅಕ್ಕೋರು. ಮದುವೆಯಾಗಿರಲಿಲ್ಲ. ತಂಗಿಯ ಮಗಳೊಬ್ಬಳನ್ನು ಇಟ್ಟುಕೊಂಡು ಚರ್ಚಿನ ಬಾಜು ಮನೆಯಲ್ಲಿದ್ದರು.

ಹಿಟ್ಟಿನ ಸಂಗತಿ ಇಷ್ಟೇ. ನಮ್ಮ ಹೆಂಗಸರಲ್ಲಿ ಒಂದು ರೂಢಿ: ರೊಟ್ಟಿಗೆ ಹಿಟ್ಟು ತೆಗೆಯುವಾಗ ಮೊದಲು ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕಿ, ರವಿವಾರ ಚರ್ಚಿಗೆ ಒಯ್ಯುವುದು. ಕಾಯಿಲೆ ಬಿದ್ದವರ ಮನೆಗೆ, ಕೂಲಿ ಸಿಗದವರ ಮನೆಗೆ ಅದು ಹೋಗುತ್ತದೆ. ಉಳಿದವರು ಹಾಕಿ ಕೈ ಝಾಡಿಸಿಕೊಳ್ಳುತ್ತಿದ್ದರು. ಅಕ್ಕೋರು ಹಾಗಲ್ಲ. ಹಿಡಿ ತುಂಬಿಕೊಂಡು ಒಬ್ಬರ ಹೆಸರು ಹೇಳಿ, ಅವರಿಗೆ ಬೇಕಾದದ್ದನ್ನು ದೇವರಲ್ಲಿ ಕೇಳಿ, ಆಮೇಲಷ್ಟೇ ಮುಷ್ಟಿ ಬಿಚ್ಚುತ್ತಿದ್ದರು. ಒಲೆಯ ಮೇಲೆ ಹಂಚು ಕಾದು ಹೊಗೆಯಾಡಿದರೂ ಅವಸರವಿಲ್ಲ. ಗೌಡರ ಮನೆಯ ಅಜ್ಜಿ, ನೊಸಲ ತುಂಬ ವಿಭೂತಿ ಹಚ್ಚಿದಾಕೆ, ಅಕ್ಕೋರ ಮನೆ ಕಟ್ಟೆಯ ಮುಂದೆ ನಿಂತು "ಅಕ್ಕೋರ, ನಮ್ಮ ಆಕಳಾ ಮೇವ ಬಿಟ್ಟೈತ್ರಿ. ನಾ ನಮ್ಮ ಈರಭದ್ರಗ ಹೇಳೇನಿ, ನೀವೂ ನಿಮ್ಮವಂಗ ಒಂದ ಮಾತ ಹಾಕ್ರಿ" ಎನ್ನುತ್ತಿದ್ದಳು. ಆ ಸಂಜೆಯ ಹಿಡಿ ಗೌಡರ ಆಕಳಿನದು.

ನಾನು ಮೊದಲಿನಿಂದಲೂ ಮಾತಿನ ಮಲ್ಲ. ಹತ್ತು ವರ್ಷದವನಿದ್ದಾಗಲೇ ಪಾದ್ರಿಗಳ ಧಾಟಿಯಲ್ಲಿ ಶುರು ಮಾಡಿದರೆ ಉಸಿರು ಬಿಡದೆ ಪ್ರಾರ್ಥಿಸುತ್ತಿದ್ದೆ. ಹಿರಿಯರು ತಲೆದೂಗುತ್ತಿದ್ದರು. ಒಂದು ರವಿವಾರ ಹಾಗೆ ಮುಗಿಸಿ, ಶಾಬಾಸ್ ಬರಲಿ ಎಂದು ಓರೆಗಣ್ಣಿನಿಂದ ಅಕ್ಕೋರನ್ನು ನೋಡಿದೆ. ಅವರು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಭಾಳ ಚಂದ ಮಾಡಿದೆಪಾ. ಮಳಿ ಕೇಳಿದಿ, ಬೆಳಿ ಕೇಳಿದಿ, ರಾಜರಿಗೆ ಬುದ್ಧಿ ಕೇಳಿದಿ. ನಿನ್ನಿ ನಿನ್ನ ತಮ್ಮಗ ಹೊಡದ್ಯಲ್ಲ, ಅದರ ಸುದ್ದಿನ ತಗೀಲಿಲ್ಲ?" ನಾನು ಬಾಗಿಲ ಕಡೆ ಸರಿದೆ. "ದೇವರ ಮುಂದ ಭಾಷಣ ಬ್ಯಾಡ. ಒಂದ ಮಾತ ಸಾಕು, ಖರೇ ಇರಬೇಕು" ಎಂದು ತಲೆಯ ಮೇಲೆ ಕೈ ಇಟ್ಟರು. ಅಂದು ನನ್ನ ಕೂದಲಲ್ಲಿ ಹಿಟ್ಟು.

ಆ ಮಾತು ನನ್ನೊಳಗೆ ಇಳಿಯಲಿಲ್ಲ. ಮುಂದೆ ಧಾರವಾಡದಲ್ಲಿ ಹೈಸ್ಕೂಲ್ ಮಾಸ್ತರನಾದೆ. ಅಲ್ಲಿನ ಕೂಟಗಳಲ್ಲಿ ಪ್ರಾರ್ಥನೆಗೆ ನನ್ನನ್ನೇ ಎಬ್ಬಿಸುತ್ತಾರೆ. ಕಷ್ಟ ಹೇಳಿಕೊಂಡವರಿಗೆಲ್ಲ "ಪ್ರಾರ್ಥನೆ ಮಾಡುತ್ತೇನೆ" ಎನ್ನುವುದು, ಮೊಬೈಲಿನಲ್ಲಾದರೆ ಜೋಡಿಸಿದ ಕೈಗಳ ಚಿತ್ರ ಕಳಿಸುವುದು ನಮ್ಮವರಲ್ಲಿ ನಮಸ್ಕಾರ ಹೇಳಿದಷ್ಟೇ ಸಲೀಸು. ಹೇಳಿದವರೂ ಮರೆಯುತ್ತಾರೆ, ಕೇಳಿದವರೂ ಮರೆಯುತ್ತಾರೆ. ಅಕ್ಕೋರು ಹಾಗೆ ಮರೆಯುವವರಲ್ಲ ಎಂಬುದು ನನಗೆ ಹೊಳೆಯಬೇಕಿತ್ತು.

ಎರಡು ವರ್ಷದ ಹಿಂದೆ ಸುಗ್ಗಿಯ ಆರಾಧನೆಗೆ ನಮ್ಮೂರ ಚರ್ಚಿನಲ್ಲಿ ಮಾತಾಡಲು ನನ್ನನ್ನು ಕರೆದರು. ವಿಷಯ ಪ್ರಾರ್ಥನೆಯೇ. ಪ್ರಾರ್ಥನೆ ಆತ್ಮದ ಉಸಿರು, ಬೇರಿಗೆ ಬಿದ್ದ ನೀರು ಎಂದೆಲ್ಲ ಮುಕ್ಕಾಲು ತಾಸು ಕೊರೆದೆ. ಅಕ್ಕೋರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತು ಕೇಳಿದರು. ಮುಗಿದ ಮೇಲೆ ನನ್ನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆದೊಯ್ದರು. ಎಪ್ಪತ್ತು ದಾಟಿದ ಆ ಹೆಂಗಸು ತಪ್ಪು ಮಾಡಿದ ಶಾಲೆಯ ಹುಡುಗಿಯ ಹಾಗೆ ನನ್ನ ಮುಂದೆ ನಿಂತಿದ್ದರು.

"ತಮ್ಮಾ, ಯಾರಿಗೂ ಹೇಳಬ್ಯಾಡ. ನಾಕ ತಿಂಗಳಾತು, ನನಗ ಪ್ರಾರ್ಥನಿ ಬರವಲ್ದು."

"ಅಂದ್ರ ಏನ್ರಿ ಅಕ್ಕೋರ?"

"ಹಿಟ್ಟ ಹಿಡೀತೀನಿ. ಹೆಸರ ಬಾಯಾಗ ಬರತೈತಿ. ಮುಂದ ಏನೂ ಇಲ್ಲ. ಯಾರೂ ಇಲ್ಲದ ಮನಿ ಕದಾ ಬಡದಂಗ ಆಗತೈತಿ. ನೀ ತಿಳದಾಂವ ಅದಿ. ನನಗ ಮತ್ತ ಪ್ರಾರ್ಥನಿ ಬರಲಿ ಅಂತ ನನ್ನ ಸಲುವಾಗಿ ಕೇಳಪಾ. ಅದೊಂದ ಸಾಕು."

ಬಮ್ಮಿಗಟ್ಟಿ ಕಡೆಯಿಂದ ಬರುವ ಬಸ್ಸಿನ ಹಾರ್ನು ಕೇಳಿಸುತ್ತಿತ್ತು. "ಮಾಡ್ತೀನ್ರಿ" ಎಂದೆ.

"ಯಾವ ಹೊತ್ತಿಗೆ ಮಾಡ್ತಿ? ನಾನೂ ಆ ಹೊತ್ತಿಗೆ ಕುಂದರ್ತೀನಿ."

"ಸಂಜಿ ಆರಕ್ಕ" ಎಂದು ಬಾಯಿಗೆ ಬಂದದ್ದು ಹೇಳಿ ಬಸ್ಸು ಹತ್ತಿದೆ. ಆ ಸಂಜೆ ಆರಕ್ಕೆ ಏನು ಮಾಡುತ್ತಿದ್ದೆನೋ ನೆನಪಿಲ್ಲ. ಪ್ರಾರ್ಥನೆಯಂತೂ ಅಲ್ಲ.

ಬೇಸಿಗೆಯಲ್ಲಿ ಒಂದು ಮದುವೆಗೆ ಊರಿಗೆ ಹೋದಾಗ ಊಟದ ಪಂಕ್ತಿಯ ನಡುವೆ ಬಂದು, ಬಗ್ಗಿ, ಕಿವಿಯಲ್ಲಿ ಕೇಳಿದರು: "ಆರಕ್ಕ ಮಾಡಾಕತ್ತೀಯಲ್ಲ?" ಮರೆತೆನೆಂದು ಆಗಲಾದರೂ ಹೇಳಬಹುದಿತ್ತು. ಅವರು ನಕ್ಕು, ತಲೆಗೊಂದು ಮೊಟಕಿ ಬಿಟ್ಟುಬಿಡುತ್ತಿದ್ದರು. ನಾನು ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ "ದಿನಾ ಮಾಡ್ತೀನ್ರಿ" ಎಂದೆ. ಅವರ ಮುಖ ಅರಳಿತು. ಅದನ್ನು ನೋಡಿಯೂ ನನಗೆ ಅಂದು ನಾಚಿಕೆಯಾಗಲಿಲ್ಲ.

ಹೋದ ವರ್ಷ ಕಾರಹುಣ್ಣಿಮೆ ಕಳೆದ ವಾರದಲ್ಲಿ ಅಕ್ಕೋರು ತೀರಿಕೊಂಡರು. ಮಣ್ಣು ಮುಗಿಸಿ ಅವರ ಮನೆಗೆ ಬಂದು ಕೂತೆವು. ತಂಗಿಯ ಮಗಳು ಚಹಾ ತಂದುಕೊಟ್ಟು ನನ್ನ ಹತ್ತಿರವೇ ಕೂತಳು.

"ಅಣ್ಣಾರ, ನಿಮ್ಮಿಂದ ದೊಡ್ಡವ್ವಗ ಭಾಳ ಸಮಾಧಾನ ಆಗಿತ್ರಿ. ದಿನಾ ಆರಕ್ಕ ಹಿಡಿ ಹಿಟ್ಟ ಹಿಡಕೊಂಡ ಗಡಿಗಿ ಮುಂದ ಕುಂದರತಿದ್ಲು. ಬಾಯಿಲೆ ಏನೂ ಅಂತಿದ್ದಿಲ್ಲ. ಏಳಬೇ, ರೊಟ್ಟಿ ಮಾಡೂಣು ಅಂದ್ರ, 'ಅಂವ ಅಲ್ಲೆ ನನ್ನ ಸಲುವಾಗಿ ಕುಂತಿರ್ತಾನ, ನಾ ಇಲ್ಲೆ ಹೆಂಗ ಏಳಲಿ' ಅಂತಿದ್ಲು."

ಚಹಾದ ಕಪ್ಪನ್ನು ಕೆಳಗಿಟ್ಟೆ. "ಮತ್ತ... ಪ್ರಾರ್ಥನಿ ಬಂತೇನವಾ ಅವರಿಗೆ?"

"ಒಂದ ಸಲ ಬಂತ್ರಿ. ಹೋಗೂಕಿಂತ ಮೂರ ದಿನಾ ಮೊದಲ. 'ಯಪ್ಪಾ ದೇವರ, ಆ ಹುಡುಗ ದಿನಾ ಏನ ಕೇಳಾಕತ್ತಾನ, ಅದನ್ನ ಕೊಡು' ಅಂದ್ಲು. ಹಿಟ್ಟ ಗಡಿಗ್ಯಾಗ ಹಾಕಿದ್ಲು. ಅಷ್ಟರೀ."

ಆಕೆ ಅದನ್ನು ನನ್ನ ಹಿರಿಮೆಯೆಂದು ತಿಳಿದು ಹೇಳುತ್ತಿದ್ದಳು. ನಿಜ ಹೇಳುವ ಧೈರ್ಯ ನನಗೆ ಅಲ್ಲಿ ಬರಲಿಲ್ಲ, ಆಮೇಲೂ ಬರಲಿಲ್ಲ. ಇಲ್ಲಿ ಬರೆಯುತ್ತಿರುವುದೇ ಮೊದಲು.

ಈಗ ಯಾರಾದರೂ ಕಷ್ಟ ಹೇಳಿಕೊಂಡರೆ "ಮಾಡುತ್ತೇನೆ" ಎನ್ನುವುದಿಲ್ಲ. ಸಂತೆಯಿರಲಿ, ಬಸ್‌ಸ್ಟ್ಯಾಂಡಿರಲಿ, ಅಲ್ಲೇ ನಿಂತು ಒಂದು ಮಾತು ಕೇಳಿಬಿಡುತ್ತೇನೆ. ಜನರಿಗೆ ಮುಜುಗರ, ಮಾಸ್ತರರಿಗೆ ತಲೆ ಕೆಟ್ಟಿದೆ ಎಂದವರೂ ಇದ್ದಾರೆ. ಕೂಟಗಳಲ್ಲಿ ಎದ್ದು ನಿಂತರೆ ಮೊದಲಿನ ಧಾಟಿ ಬರುವುದಿಲ್ಲ, ಹಾಗಾಗಿ ಕರೆಯುವುದೂ ಕಡಿಮೆಯಾಗಿದೆ. ಸಂಜೆ ಆರಕ್ಕೆ ನಮ್ಮ ಅಡುಗೆಮನೆಯಲ್ಲಿ ಒಂದು ಹಿಡಿ ಹಿಟ್ಟು ಹಿಡಿದು ಕೂರುತ್ತೇನೆ. ಎಷ್ಟೋ ದಿನ ನನಗೂ ಹೆಸರಿನ ಮುಂದೆ ಏನೂ ಬರುವುದಿಲ್ಲ. ಅಕ್ಕೋರು ಬಡಿದ ಆ ಕದ ಎಂಥದೆಂದು ಈಗ ನನಗೂ ಗೊತ್ತು. ಆದರೂ ಏಳುವುದಿಲ್ಲ.

ನಾನು ಕೇಳುತ್ತಿರುವುದನ್ನು ಕೊಡು ಎಂದು ಅವರು ದೇವರಲ್ಲಿ ಬೇಡಿದರು. ನಾನು ಏನನ್ನೂ ಕೇಳಿರಲಿಲ್ಲ.