ಹೀರಬೇಡ ಅನ್ನುವ ಡಾಕ್ಟರಮ್ಮ

ನಮ್ಮ ತಕುವಾರೆಂಬೋ ಊರಲ್ಲಿ ಹಲ್ಲಿನ ಡಾಕ್ಟರಮ್ಮ ಸೆಲ್ಮಿರಾಳ ಬಾಯಿಗೆ ಸಿಗುವುದಕ್ಕಿಂತ ಹಲ್ಲುನೋವೇ ವಾಸಿ. ಯಾರ ಮೇಲ್ದವಡೆಯ ಹಲ್ಲು ಕಿತ್ತರೂ ಈಯಮ್ಮ ಮೇಜಿನ ಮೇಲಿನ ತಲೆಬುರುಡೆ ಎತ್ತಿ ಅದರ ಕೆನ್ನೆಯೊಳಗೆ ಟಾರ್ಚು ಬಿಡುತ್ತಾಳೆ. "ನೋಡಿಲ್ಲಿ, ಈ ಪೊಳ್ಳಲ್ಲಿ ಬರೀ ಗಾಳಿ. ಇದಕ್ಕೂ ಹಲ್ಲಿನ ಬೇರಿಗೂ ನಡುವೆ ಇರೋದು ಮೊಟ್ಟೆಸಿಪ್ಪೆಯಷ್ಟು ಮೂಳೆ! ಎರಡು ವಾರದೊಳಗೆ ಕೊಳವೆ ಬಾಯಿಗಿಟ್ಟು ಮಾಟೇ ಕಷಾಯ ಹೀರಿದ್ಯೋ, ತೂತು ಬಿದ್ದು ಕುಡಿದದ್ದೆಲ್ಲ ಮೂಗಲ್ಲಿ ಬರತ್ತೆ!" ಇದ್ಯಾವ ಸೀಮೆ ಡಾಕ್ಟರಿಕೆ? ಈ ಊರಲ್ಲಿ ಮಾಟೇ ಸೊಪ್ಪಿನ ಕಷಾಯ ಕುಡಿಯಬೇಡ ಅನ್ನುವುದೂ ಉಸಿರಾಡಬೇಡ ಅನ್ನುವುದೂ ಒಂದೇ. "ಒಂದೇ ಗುಟುಕು, ಡಾಕ್ಟ್ರಮ್ಮ" ಅಂದರೆ, "ಹಾಗಾದ್ರೆ ಮೂಗಲ್ಲೇ ಕುಡಿ, ಹೋಗು!" ಬಸ್ಸಿನಲ್ಲಿ ಯಾರದಾದರೂ ಊದಿದ ಕೆನ್ನೆ ಕಂಡರೂ ಸಾಕು, ಅವರ ಕೈಯ ಮಾಟೇ ಕಸಿದುಕೊಳ್ಳುತ್ತಾಳೆ. ನಾನು ಹಲ್ಲು ಕೀಳಿಸಿಕೊಂಡ ಒಂಬತ್ತನೆಯ ದಿನ, ಬಾಯೊಣಗಿಸಿಕೊಂಡು ಅವಳ ಮನೆ ಮುಂದೆ ಹೋಗುವಾಗ ಕಿಟಕಿಯಲ್ಲಿ ಕಂಡದ್ದೇನು? ಈಯಮ್ಮನೇ ಗೋಡೆಗೆ ಮುಖ ಮಾಡಿ ಕೂತು ಮಾಟೇ ಕುಡಿಯುತ್ತಿದ್ದಾಳೆ! ಮೈಯೆಲ್ಲ ಉರಿದು, "ನಮಗೊಂದು ನ್ಯಾಯ, ನಿಮಗೊಂದು ನ್ಯಾಯಾನಾ?" ಎಂದು ಒಳನುಗ್ಗಿದೆ. ಆಕೆ ತಿರುಗಿದಳು. ಮೂಗಿನ ಒಂದು ಹೊಳ್ಳೆಯಿಂದ ಹಸಿರು ಕಷಾಯ ತುಟಿಗೆ ಇಳಿಯುತ್ತಿತ್ತು. ಕರವಸ್ತ್ರದಲ್ಲಿ ಒರೆಸಿಕೊಂಡು, "ಎರಡು ಸಲ ಹೊಲಿಸಿದರೂ ತೂತು ಮುಚ್ಚಲಿಲ್ಲ ಕಣೋ" ಅಂದಳು. "ನಾನು ಹಲ್ಲು ಕೀಳಿಸಿಕೊಂಡು ಬಂದ ಸಂಜೆ ನಮ್ಮಮ್ಮ ತಾನೇ ಮಾಟೇ ಮಾಡಿ ಕೈಗೆ ಕೊಟ್ಟಳು. ಬೇಡ ಅನ್ನೋಕೆ ಬಾಯಿ ಬರಲಿಲ್ಲ."