ಉಸ್ಮಾನಿಕ್ಕನ ಉಮ್ಮನ ಕಲರ್ ಫೋಟೋ

ಉಮ್ಮನ ಹೆಗಲ ಮೇಲೆ ಒಂದು ಕೈ. ಬಳೆ ಇದೆ, ಉಂಗುರ ಇದೆ. ಕೈಯ ಒಡತಿ ಮಾತ್ರ ಇಲ್ಲ!

ಹೋದ ವಾರದವರೆಗೂ ಈ ಫೋಟೋ ಕತಾರಿನ ಅಲ್ ಮುಂತಜಾದ ಒಂದು ಚಹಾ ಅಂಗಡಿಯ ಗಲ್ಲಾದ ಹಿಂದೆ ತೂಗುತ್ತಿತ್ತು. ಅಂಗಡಿ ಕೊಚ್ಚಿಯ ಉಸ್ಮಾನಿಕ್ಕನದು, ಉಮ್ಮ ಅವರ ತಾಯಿ. ಒಡತಿಯನ್ನು ಮಾಯ ಮಾಡಿದವನು ನಾನು.

ಇಲ್ಲೇ ಮುಶೈರಿಬ್‌ನ ಒಂದು ಫೋಟೋ ಸ್ಟುಡಿಯೋದಲ್ಲಿ ನಾನು ಪ್ರಿಂಟ್ ಮಾಡುವವನು. ಹೈಸ್ಕೂಲು ಮುಗಿಸಿ ಉಡುಪಿಯಲ್ಲಿ ಫೋಟೋ ತೊಳೆಯಲು ನಿಂತವನು. ಈಗ ಮೆಶಿನ್ನು ಒಂದೇ ಗಂಟೆಯಲ್ಲಿ ಪ್ರಿಂಟ್ ಉಗುಳುತ್ತದೆ, ಆದರೂ ಮುದುಕನಾದ ನಾನು ಡಾರ್ಕ್‌ರೂಮ್ ಬಿಟ್ಟಿಲ್ಲ.

ರಂಜಾನಿಗೆ ಮುಂಚೆ ಇಕ್ಕ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಒಳಗೆ ಹಳೆಯ ಸ್ಲೈಡುಗಳು, ಬೆಳಕಿಗೆ ಹಿಡಿದು ನೋಡುವ ಪುಟ್ಟ ಕಲರ್ ಫಿಲ್ಮುಗಳು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಅವರ ಪಕ್ಕದ ಮನೆಯವರು ಯಹೂದಿಗಳಂತೆ. ಮನೆಯೊಡತಿ ಸಾರಾ. ಗಂಡನಿಗೆ ಕ್ಯಾಮೆರಾದ ಹುಚ್ಚು. ಹಡಗಿನವರ ಕೈಯಲ್ಲಿ ಕಲರ್ ಫಿಲ್ಮ್ ತರಿಸಿ, ತೊಳೆಯಲು ಮತ್ತೆ ಪರದೇಶಕ್ಕೆ ಕಳಿಸಿ, ತಿಂಗಳುಗಟ್ಟಲೆ ಕಾಯುತ್ತಿದ್ದರಂತೆ. ಮುಂದೆ ಕುಟುಂಬವೇ ಇಸ್ರೇಲಿಗೆ ಹೊರಟಾಗ ಕೆಲವನ್ನು ಇಕ್ಕನ ತಾಯಿಗೆ ಕೊಟ್ಟು ಹೋದರು. "ನೀನೂ ಇದ್ದೀಯಲ್ಲ ಇದರಲ್ಲಿ" ಅಂತ.

ಒಂದೊಂದನ್ನೇ ಬೆಳಕಿಗೆ ಹಿಡಿದೆ. ಅಬ್ಬ! ನಮ್ಮೂರ ಮದುವೆಗಳೆಲ್ಲ ಕಪ್ಪು ಬಿಳುಪಿನಲ್ಲಿದ್ದ ಕಾಲ ಅದು. ಇಲ್ಲಿ ಯಹೂದಿ ಬೀದಿಯ ಮದುವೆಮನೆ. ಜರಿಯಂಚಿನ ಕೆಂಪು ಮುಂಡು, ಹಸಿರು ರೇಷ್ಮೆ ಟೋಪಿಯ ಅಜ್ಜಂದಿರು. ಒಂದರಲ್ಲಿ, ಬಿಳಿ ಮುಸುಕು ಹೊದ್ದ ಉಮ್ಮ ಬಿದ್ದು ಬಿದ್ದು ನಗುತ್ತಿದ್ದಾರೆ. ಪಕ್ಕದಲ್ಲಿ ಸಾರಾ.

"ಉಮ್ಮನದು ಬೇರೆ ಫೋಟೋನೇ ಇಲ್ಲ ಭಾಯ್. ಇದನ್ನು ದೊಡ್ಡದು ಮಾಡಿ ಕೊಡಿ" ಎಂದರು ಇಕ್ಕ.

ಆದರೆ ಸಾರಾಳ ತಲೆಯ ಮೇಲೆ, ಬಾಗಿಲ ಪರದೆಯಲ್ಲಿ, ಯಹೂದಿಗಳ ಆರು ಮೂಲೆಯ ನಕ್ಷತ್ರ, ಇಸ್ರೇಲಿನ ಬಾವುಟದಲ್ಲಿರುವುದೇ! ಈ ಅರಬ್ ದೇಶದಲ್ಲಿ ಯಾರಾದರೂ ನೋಡಿದರೆ? ವೀಸಾ ಖಲಾಸ್ ಆದರೆ? (ಹಾಗೆಂದು ಯಾರೂ ಹೇಳಿರಲಿಲ್ಲ. ಗಲ್ಫಿನಲ್ಲಿ ನಾವು ರೂಲ್ಸನ್ನು ಕೇಳಿ ತಿಳಿಯುವುದಿಲ್ಲ, ಊಹಿಸಿಕೊಳ್ಳುತ್ತೇವೆ.) ಯಾಕೆ ಬೇಕು ರಗಳೆ ಎಂದು ಸಾರಾಳನ್ನು ಬಿಟ್ಟು ಮುದ್ರಿಸಿದೆ. ಹೆಗಲ ಮೇಲಿನ ಕೈಯನ್ನು ಮಾತ್ರ ಬಿಡಿಸಲಾಗಲಿಲ್ಲ.

"ಆ ಕಡೆ ಫಂಗಸ್ ಹಿಡಿದಿತ್ತು ಇಕ್ಕ" ಎಂದೆ. ಅಪ್ಪಟ ಸುಳ್ಳು.

ಇಕ್ಕ ಫೋಟೋವನ್ನು ಗೋಡೆಗೆ ಹಾಕಿದರು. ಗಿರಾಕಿಗಳಿಗೆ ಪರಿಚಯ ಬೇರೆ. "ಇದು ಉಮ್ಮ. ಇದು ಸಾರಾಮ್ಮನ ಕೈ. ನನಗೆ ತಲೆ ಬಾಚಿದ್ದೂ ಇದೇ, ಬೆನ್ನಿಗೆ ಬಾರಿಸಿದ್ದೂ ಇದೇ!" ಎಲ್ಲರೂ ನಗುವರು. ನಾನು ಅರ್ಧ ಚಹಾ ಬಿಟ್ಟು ಎದ್ದು ಬರುತ್ತಿದ್ದೆ.

ಹೋದ ವಾರ ತಡೆಯಲಾಗದೆ ಹೇಳಿಬಿಟ್ಟೆ.

ಇಕ್ಕ ಗ್ಲಾಸು ತೊಳೆಯುವುದನ್ನು ನಿಲ್ಲಿಸಲಿಲ್ಲ. "ಕೊಡುವ ಮೊದಲು ನಾನೂ ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ದೆ ಭಾಯ್. ಎಲ್ಲಿಯ ಫಂಗಸ್ಸು?"

"ಮತ್ತೆ ಯಾಕೆ ಸುಮ್ಮನಿದ್ದಿರಿ?"

"ಫೋಟೋ ಕೊಡುವಾಗ ಏಸಿಯಲ್ಲಿ ಕೂತು ಬೆವರುತ್ತಿದ್ದಿರಿ. ಇನ್ನಷ್ಟು ಹೆದರಿಸಬೇಕಿತ್ತಾ?" ಆಮೇಲೆ ದನಿ ತಗ್ಗಿತು. "ನೀವು ಪೂರ್ತಿ ಮಾಡಿಕೊಟ್ಟಿದ್ದರೂ ನಾನು ಇಲ್ಲಿ ಹಾಕುತ್ತಿದ್ದೆನೋ ಇಲ್ಲವೋ. ಯಾರಿಗೆ ಗೊತ್ತು."

ಮರುದಿನವೇ ಪೂರ್ತಿ ಮುದ್ರಿಸಿದೆ. ದೊಡ್ಡದಾದ ಮೇಲಷ್ಟೇ ಕಂಡಿತು, ಉಮ್ಮ ಅಷ್ಟು ನಗುತ್ತಿದ್ದದ್ದು ಯಾಕೆಂದು. ಸಾರಾಳ ಎರಡೂ ಕೆನ್ನೆ ಊದಿಕೊಂಡಿವೆ. ಬಾಯಿ ತುಂಬ ಹಲ್ವ! ಆ ನಗುವಿನ ಕಾರಣವನ್ನೇ ನಾನು ಕತ್ತರಿಸಿ ಹಾಕಿದ್ದೆ.

ಇಕ್ಕ ಹಳೆಯದನ್ನು ಇಳಿಸಿ ಹೊಸದನ್ನು ಹಾಕಿದರು. ಹಾಕುವ ಮೊದಲು ಒಮ್ಮೆ ಬಾಗಿಲ ಕಡೆ ನೋಡಿದರು. ನಾನು ನೋಡದವನಂತೆ ಕೂತೆ.

ಮೊದಲು ಬಂದವರು ದಿನಾ ಬರುವ ಒಬ್ಬ ಕತಾರಿ ಮುದುಕ. ಕನ್ನಡಕ ಏರಿಸಿ ಹತ್ತಿರ ಹೋಗಿ ದಿಟ್ಟಿಸಿದರು.

"ಇವರು ಯಾರು?"

"ನನ್ನ ಉಮ್ಮ."

"ಇವರು?"

"ಪಕ್ಕದ ಮನೆಯವರು. ಯಹೂದಿ" ಎಂದರು ಇಕ್ಕ, ತಲೆ ಎತ್ತದೆ.

ಮುದುಕ ನಕ್ಷತ್ರ ನೋಡಿದರು. ಮತ್ತೆ ಸಾರಾಳನ್ನು ನೋಡಿದರು. "ಬಾಯಲ್ಲಿ ಏನು?"

"ಹಲ್ವ."

"ಯಲ್ಲಾ, ನಡಿ, ಇದ್ದರೆ ನನಗೂ ಒಂದು ತುಂಡು ಕೊಡು!"

ಅಷ್ಟೇ. ಹಾಗಾದರೆ ಇಷ್ಟು ದಿನ ನಾನು ಹೆದರಿದ್ದು ಯಾರಿಗೆ?