ಅಟ್ಟದಲ್ಲಿ ನಿದ್ದೆಹೋದ ಕೈ

ಎಡಗೈಯಲ್ಲಿ ಹಲ್ಲುಜ್ಜುವ ವಿದ್ಯೆಯನ್ನು ನಾನು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ. ಪೇಸ್ಟು ಹಲ್ಲಿಗಿಂತ ಮೀಸೆಗೇ ಹೆಚ್ಚು ಸಲ್ಲುತ್ತಿದೆ. ಬಲಗೈಯ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದಿವೆ. ತಿಪಟೂರಿನ ಡಾಕ್ಟರು ವೆಲ್ಕ್ರೋ ಪಟ್ಟಿ ಬಿಗಿದು, ಆರು ವಾರ ಬಿಚ್ಚಬೇಡಿ ಮೇಷ್ಟ್ರೇ ಎಂದಿದ್ದಾರೆ. ನಾನು ದಿನಕ್ಕೆ ಹತ್ತು ಸಲ ಪರ್ರೆಂದು ಬಿಚ್ಚುತ್ತಿದ್ದೆ, ಬೆರಳುಗಳನ್ನು ಚಿವುಟಿ ನೋಡುತ್ತಿದ್ದೆ, ಮತ್ತೆ ಕಟ್ಟುತ್ತಿದ್ದೆ. ಮೇಷ್ಟ್ರ ಬುದ್ಧಿ ನೋಡಿ, ಪಾಠ ಮುಗಿಯುವ ಮುಂಚೆಯೇ ಪರೀಕ್ಷೆ! ಆ ಪರ್ರೆನ್ನುವ ಸದ್ದಿಗೆ ನನಗೆ ಹೊನ್ನವಳ್ಳಿಯ ಅತ್ತೆಯ ನೆನಪಾಗುತ್ತದೆ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಸುಮಾರು ಹದಿನೈದು ವರ್ಷದ ಹಿಂದೆ ಹೊನ್ನವಳ್ಳಿಯ ಶಾಲೆಗೆ ವರ್ಗವಾದಾಗ ನಾನು ಉಳಿದುಕೊಂಡಿದ್ದು ಅವಳ ಮನೆಯಲ್ಲೇ. ಅಲ್ಲಿ ಮನೆಯೆಂದರೆ ಕೆಳಗೆ ನಾವು, ಮೇಲೆ ಅಟ್ಟದ ತುಂಬ ತೆಂಗಿನಕಾಯಿ. ಕಾಯಿ ಅಲ್ಲಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿದ್ದಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಆಯಿತೋ ಇಲ್ಲವೋ ಎಂದು ತಿಳಿಯಲು ಒಡೆದು ನೋಡುವಂತಿಲ್ಲ. ಹಸಿ ಇದ್ದಾಗ ಒಡೆದರೆ ಕೊಬ್ಬರಿಗೂ ಇಲ್ಲ, ಇನ್ನೊಂದು ದಿನ ಇಡುವುದಕ್ಕೂ ಇಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಅಷ್ಟೆ. ಗುಳುಗುಳು ಎಂದರೆ ನೀರಿದೆ, ಒಣಗಿದ ಉಂಡೆ ಚಿಪ್ಪಿಗೆ ಬಡಿದು ಗಟಗಟ ಎಂದರೆ ಇಳಿಸಬಹುದು.

ಎಲ್ಲರಿಗೂ ಅಲ್ಲಾಡಿಸಲು ಬರುತ್ತದೆ ಅನ್ನಿ. ಆದರೆ ಗುಳುಗುಳುವಿಗೂ ಗಟಗಟಕ್ಕೂ ನಡುವೆ ಒಂದು ಸದ್ದಿದೆಯಂತೆ, ಅದು ಅತ್ತೆಗೆ ಮಾತ್ರ ಕೇಳುತ್ತಿತ್ತು. ಅಕ್ಕಪಕ್ಕದ ಮನೆಯವರು ಅಟ್ಟ ಇಳಿಸುವ ಮುಂಚೆ ಅವಳನ್ನು ಕರೆದೊಯ್ಯುತ್ತಿದ್ದರು. "ಕಿವಿ ಅಲ್ಲ ಕಣ್ಲಾ, ಕೈ. ಕೈಗೆ ಮೊದ್ಲು ಗೊತ್ತಾಯ್ತದೆ, ಆಮೇಲೆ ಕಿವಿಗೆ ಹೇಳ್ತದೆ," ಎನ್ನುತ್ತಿದ್ದಳು. ಆ ಕೈಯ ಬಗ್ಗೆ ಅವಳಿಗೆ ಜಂಬವಿತ್ತು. ಇರಲಿ ಬಿಡಿ, ನಮಗೆಲ್ಲ ಅಷ್ಟೂ ಇಲ್ಲ.

ಒಂದು ಮಧ್ಯಾಹ್ನ ಊಟವಾದ ಮೇಲೆ ಕಾಯಿ ನೋಡಲು ಅಟ್ಟ ಹತ್ತಿದವಳು, ತಂಪಿಗೆ ಅಲ್ಲೇ ತೊಲೆಯ ಮೇಲೆ ತೋಳು ಚಾಚಿ ಒರಗಿದಳು. ಹೆಸರುಕಾಳಿನ ಸಾರು, ಎರಡು ಮುದ್ದೆ; ನಿದ್ದೆ ಬರದೆ ಇನ್ನೇನು ಬರುತ್ತದೆ? ಎರಡು ಗಂಟೆ ಹೊತ್ತು ಮಲಗಿ ಎದ್ದಾಗ ಬಲ ಅಂಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿತ್ತು. ಎತ್ತಿದರೆ ತೋಳು ಬರುತ್ತಿತ್ತು, ಅಂಗೈ ಬರುತ್ತಿರಲಿಲ್ಲ.

"ಲಕ್ವ ಹೊಡೀತು ಕಣೋ!" ಎಂದು ಮಾವ ಅಂಗಳದಲ್ಲಿ ನಿಂತು ಕೂಗಿಕೊಂಡರು. ಅರ್ಧ ಬೀದಿ ಸೇರಿತು. ಯಾವುದೋ ಎಣ್ಣೆ ತಿಕ್ಕಿ ಎಂದರು ಒಬ್ಬರು, ಬಾಯಿ ಸೊಟ್ಟಗಾಗಿದೆಯಾ ನೋಡಿ ಎಂದರು ಇನ್ನೊಬ್ಬರು. "ನನ್ ಬಾಯಿ ನೆಟ್ಟಗೈತೆ, ನಿಮ್ ಬಾಯಿ ಮುಚ್ಕಳಿ," ಎಂದಳು ಅತ್ತೆ. ಅಲ್ಲಿಗೆ ನನಗೆ ಅರ್ಧ ಧೈರ್ಯ ಬಂತು.

ತಿಪಟೂರಿನಲ್ಲಿ ಡಾಕ್ಟರು ಎಲ್ಲ ನೋಡಿ ನಕ್ಕರು. ಲಕ್ವ ಅಲ್ಲ, ತೋಳಿನ ಮೂಳೆಯನ್ನು ಸುತ್ತಿಕೊಂಡು ಬರುವ ನರ ತೊಲೆಗೆ ಒತ್ತಿ ಜಜ್ಜಿಹೋಗಿದೆ, ಕಡಿದಿಲ್ಲ, ಮೂರು ತಿಂಗಳಾಗಬಹುದು ಎಂದರು. ಅಂಗೈ ನೆಟ್ಟಗಿರಲಿ ಎಂದು ಪಟ್ಟಿಯೊಂದನ್ನು ಕಟ್ಟಿದರು. ಅತ್ತೆ ಕೇಳಿದ್ದು ಒಂದೇ ಮಾತು: "ಕಾಯಿ ಅಲ್ಲಾಡ್ಸಕ್ಕಾಯ್ತದಾ ಸಾರ್?" ಡಾಕ್ಟರಿಗೆ ಅರ್ಥವಾಗಲಿಲ್ಲ. ಆಗುತ್ತೆ ಅನ್ನಿ ಸಾರ್ ಎಂದು ನಾನು ಅವಳ ಬೆನ್ನ ಹಿಂದಿನಿಂದ ಕಣ್ಸನ್ನೆ ಮಾಡಿದೆ.

ಮನೆಯ ಮುದ್ದೆ ಮಾವನ ಪಾಲಿಗೆ ಬಂತು. ಅವರು ಹಿಟ್ಟು ತಿರುವಿದರೆ ಗಂಟಿನಲ್ಲಿ ಮುದ್ದೆ ಹುಡುಕಬೇಕು. ನಾವು ಸದ್ದಿಲ್ಲದೆ ನುಂಗಿದೆವು. ಊಟದ ಹೊತ್ತಿಗೆ ಅತ್ತೆ ಪರ್ರೆಂದು ಪಟ್ಟಿ ಬಿಚ್ಚುತ್ತಿದ್ದಳು. ಆ ಸದ್ದಿಗೇ ಕಾದಿದ್ದವನಂತೆ ನಾನು ಎದುರು ಕೂತು, "ಎತ್ತತ್ತೆ ನೋಡಾಣ," ಎನ್ನುತ್ತಿದ್ದೆ. ಬರುತ್ತಿರಲಿಲ್ಲ. ಬೆಳಿಗ್ಗೆ ಶಾಲೆಗೆ ಹೋಗುವಾಗ ಒಮ್ಮೆ, ಬಂದ ಮೇಲೆ ಒಮ್ಮೆ. ದಿನಕ್ಕೆ ಮೂರು ಸಲ ಫೇಲು ಮಾಡಿದರೆ ಯಾವ ವಿದ್ಯಾರ್ಥಿಗೆ ತಾನೇ ಮುಖ ಸಪ್ಪೆಯಾಗದು? ಅದು ನನ್ನ ತಲೆಗೆ ಹೋಗಲಿಲ್ಲ.

ಎರಡು ತಿಂಗಳಾಯಿತು. ಅಟ್ಟದ ಕಾಯಿಗೆ ಕಾಲ ಬಂದಿತ್ತು. ಅತ್ತೆ ಎಡಗೈಯಲ್ಲಿ ಅಲ್ಲಾಡಿಸಿ ನೋಡಿದಳು, ನಾಲ್ಕು ಕಾಯಿ ಅಲ್ಲಾಡಿಸಿ ಕೆಳಗಿಟ್ಟಳು. "ಈ ಕೈ ಏನೂ ಹೇಳಕಿಲ್ಲ ಕಣಪ್ಪ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎದುರಿಗಿದ್ದವರು ಅತ್ತರೆ ಮೇಷ್ಟ್ರುಗಳು ಏನಾದರೂ ಮಾಡಲೇಬೇಕಲ್ಲ! ನಾನೇ ಅಟ್ಟ ಹತ್ತಿ, ಕಿವಿಗಿಟ್ಟು ಅಲ್ಲಾಡಿಸಿ, ಗಟಗಟ ಎಂದಿತೆಂದೇ ನಂಬಿ ಹತ್ತು ಕಾಯಿ ಇಳಿಸಿದೆ. ಮಾವ ಒಂದನ್ನು ಸುಲಿದು ಮಚ್ಚಿನಲ್ಲಿ ಏಟು ಹಾಕಿದರು. ಒಳಗಿದ್ದ ನೀರೆಲ್ಲ ಅವರ ಪಂಚೆಯ ಮೇಲೆ!

ಅತ್ತೆ ಎಷ್ಟೋ ದಿನದ ಮೇಲೆ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ನನ್ನ ಕಡೆ ತಿರುಗಿ, "ಲೋ ಮೇಷ್ಟ್ರೇ, ಅಟ್ಟದ ಕಾಯ್ನ ದಿನಾ ಯಾರಾದ್ರೂ ಒಡ್ದು ನೋಡ್ತಾರಾ? ನೀನು ನನ್ ಕೈನ ದಿನಕ್ಕೆ ಮೂರು ಸಲ ಒಡ್ದು ನೋಡ್ತಿದ್ದೀಯ. ಬುಡು, ಅದರ ಪಾಡಿಗೆ ಬುಡು," ಎಂದಳು. ಉಳಿದ ಒಂಬತ್ತು ಕಾಯಿಗಳನ್ನು ನಾನು ಮತ್ತೆ ಅಟ್ಟಕ್ಕೆ ಹೊತ್ತೆ. ಅಂದಿನಿಂದ ಕೇಳುವುದನ್ನು ಬಿಟ್ಟೆ. ಬಿಡುವುದು ಸುಲಭ ಎಂದುಕೊಂಡಿರಾ? ನಾಲಿಗೆ ಕಚ್ಚಿಕೊಂಡು ಊಟ ಮಾಡುತ್ತಿದ್ದೆ.

ಹಾಗೇ ಇಪ್ಪತ್ತು ದಿನ ಕಳೆದಿರಬಹುದು. ಒಂದು ಮಧ್ಯಾಹ್ನ ಮಾವ ತಮ್ಮ ಗಂಟುಗಂಟು ಮುದ್ದೆಯನ್ನು ಇನ್ನೊಂದಿರಲಿ ಎಂದು ಅತ್ತೆಯ ತಟ್ಟೆಯ ಹತ್ತಿರ ತಂದರು. "ಅಯ್ಯೋ, ಸಾಕು ಕಣ್ರೀ, ಸಾಕು!" ಎಂದು ಅತ್ತೆ ಗಾಬರಿಯಿಂದ ಬಲಗೈ ಅಡ್ಡ ಹಿಡಿದಳು. ಅಂಗೈ ನೆಟ್ಟಗೆ ನಿಂತಿತು. ಪಟ್ಟಿ ಪಕ್ಕದ ಮಣೆಯ ಮೇಲಿತ್ತು. ಮಾವ ಮುದ್ದೆ ಹಿಡಿದುಕೊಂಡೇ ನಿಂತುಬಿಟ್ಟರು.

"ಇನ್ನೊಂದ್ಸಲ ಸಾಕು ಅನ್ನೇ," ಎಂದರು ಕೊನೆಗೆ.

"ನಿಮ್ ಮುದ್ದೆಗೆ ನೂರು ಸಲ ಅಂತೀನಿ ತಗಳಿ," ಎಂದಳು ಅತ್ತೆ. ಮತ್ತೆ ಕೈ ಎತ್ತಿದಳು. ಸ್ವಲ್ಪ ನಡುಗಿತು, ಆದರೆ ನಿಂತಿತು. ನನಗೆ ಕಣ್ಣು ತುಂಬಿ ಬಂತು, ಸಾರು ಖಾರ ಎಂದು ಸುಳ್ಳು ಹೇಳಿದೆ. ಆ ವರ್ಷ ನಮ್ಮ ಅಟ್ಟ ಒಂದೂವರೆ ತಿಂಗಳು ತಡವಾಗಿ ಇಳಿಯಿತು. ಇಳಿಸಿದ್ದು ಅತ್ತೆಯ ಬಲಗೈಯೇ.

ಈಗ ಅವಳಿಗೆ ಎಪ್ಪತ್ತು ದಾಟಿದೆ. ನಿನ್ನೆ ನನ್ನ ಕೈ ನೋಡಲೆಂದು ಬಸ್ಸು ಹತ್ತಿ ತಿಪಟೂರಿಗೆ ಬಂದಳು. ಚೀಲದಿಂದ ಕೊಬ್ಬರಿ ತೆಗೆದಿಡುವ ಮುಂಚೆಯೇ ನಾನು ಪರ್ರೆಂದು ಪಟ್ಟಿ ಬಿಚ್ಚಿ, "ನೋಡತ್ತೆ, ಎರಡು ವಾರ ಆಯ್ತು, ಇನ್ನೂ ಜೋಮು ಹೋಗಿಲ್ಲ," ಎಂದು ದೂರಿದೆ. ಅವಳು ಬಲಗೈಯಲ್ಲಿ ನನ್ನ ಮುಂಗೈ ಹಿಡಿದು, ತನ್ನ ಕಿವಿಯ ಹತ್ತಿರಕ್ಕೆ ಒಯ್ದು, ಮೆಲ್ಲಗೆ ಎರಡು ಸಲ ಅಲ್ಲಾಡಿಸಿದಳು. ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಇನ್ನೂ ನೀರೈತೆ ಕಣ್ಲಾ," ಎಂದಳು. "ಕಟ್ಟಿಡು."

ಕಟ್ಟಿದ್ದೇನೆ. ನಿನ್ನೆಯಿಂದ ಬಿಚ್ಚಿಲ್ಲ.